ಬಾಗಿಲು ತೆರೆದಿಟ್ಟ ಸಂಘ

(ಶಿವನಿಯ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿಯ ಲೆಕ್ಕವನ್ನು ನಾವು ಕನ್ನಡದಲ್ಲಿ ಬರೆಯುತ್ತೇವೆ. ಗಿರಣಿಯಲ್ಲಿ ಕಷ್ಟಸುಖವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಒಂದು ನೋಟೀಸು ಬಂದಿತೆಂದರೆ, ಅದನ್ನು ಓದಿಸಲು ಇನ್ನೊಬ್ಬರ ಮನೆಯ ಬಾಗಿಲು ಕಾಯಬೇಕು. ಒಂದು ಕಾಲಕ್ಕೆ ಕಾಲೇಜಿನ ಒಳಗೂ ಕನ್ನಡದ ಸ್ಥಿತಿ ಹೀಗೆಯೇ ಇತ್ತು. ಅದನ್ನು ನೀಗಲು ವಿದ್ಯಾರ್ಥಿಗಳ ಕೂಟ ಕಟ್ಟಿದವರು ನಮ್ಮ ಜಿಲ್ಲೆಯವರೇ ಎಂಬುದನ್ನು ನಾವು ಮರೆಯಬಾರದು.

ಅವರು ಎ. ಆರ್. ಕೃಷ್ಣಶಾಸ್ತ್ರಿಗಳು. 1890ರಲ್ಲಿ ಚಿಕ್ಕಮಗಳೂರಿನ ಬಳಿಯ ಅಂಬಳೆಯಲ್ಲಿ ಹುಟ್ಟಿದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾದರು. ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ಮರ್ಯಾದೆಯೂ ಇಂಗ್ಲಿಷಿಗೇ. ಓದಿದವನು ಕನ್ನಡ ಮಾತನಾಡುವುದು ಕೀಳೆಂಬ ಭಾವನೆ ಬೇರೂರಿತ್ತು. ಶಾಸ್ತ್ರಿಗಳು ವಿದ್ಯಾರ್ಥಿಗಳನ್ನು ಕೂಡಿಸಿ ಕರ್ನಾಟಕ ಸಂಘವನ್ನು ಸ್ಥಾಪಿಸಿದರು. ಸಂಘದ ಕಡೆಯಿಂದ 1919ರಲ್ಲಿ ‘ಪ್ರಬುದ್ಧ ಕರ್ನಾಟಕ’ ಪತ್ರಿಕೆ ಹೊರಟಿತು. ಮುಂದೆ ಅದು ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು. ಶಾಸ್ತ್ರಿಗಳ ತರುವಾಯ ಜಿ. ಪಿ. ರಾಜರತ್ನಂ ಅವರು ಆ ಸಂಘವನ್ನು ಬೆಳೆಸಿದರು. ಬೇರೆ ಕಾಲೇಜುಗಳಲ್ಲಿಯೂ ಕನ್ನಡ ಸಂಘಗಳು ತಲೆಯೆತ್ತಿದವು.

ಅಮೆರಿಕದ ಕಾಲೇಜುಗಳಲ್ಲಿಯೂ ವಿದ್ಯಾರ್ಥಿ ಸೋದರಕೂಟಗಳುಂಟು. 1776ರಲ್ಲಿ ‘ಫೈ ಬೀಟಾ ಕಪ್ಪ’ ಹುಟ್ಟಿದಾಗ ಅದು ಗುಟ್ಟಿನ ಕೂಟ, ಆರಿಸಿಕೊಂಡವರಿಗಷ್ಟೇ ಪ್ರವೇಶ. ಶಾಸ್ತ್ರಿಗಳ ಸಂಘದಲ್ಲಿ ಗುಟ್ಟಿರಲಿಲ್ಲ. ಅಲ್ಲಿ ಆಡಿದ್ದು, ಬರೆದದ್ದು ಅಚ್ಚಾಗಿ ಊರೂರಿನ ಓದುಗರಿಗೆ ಸಿಕ್ಕುವಂತಾಯಿತು.

ಶಾಸ್ತ್ರಿಗಳು ಮಹಾಭಾರತವನ್ನು ‘ವಚನ ಭಾರತ’ವೆಂದು ಸರಳ ಗದ್ಯದಲ್ಲಿ ಬರೆದರು. ಅವರ ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಗ್ರಂಥಕ್ಕೆ 1961ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. 1968ರಲ್ಲಿ ತೀರಿಕೊಂಡರು.

ಆದರೆ ಒಂದು ಮಾತನ್ನು ಮುಚ್ಚಿಡಲಾರೆವು. ಸಂಘದ ಬಾಗಿಲು ತೆರೆದಿದ್ದರೂ, ಕಾಲೇಜಿನ ಬಾಗಿಲು ಬಡವರ ಮಕ್ಕಳಿಗೆ ತೆರೆದಿರಲಿಲ್ಲ. ಅಂದಿನ ಕೂಲಿಕಾರನ ಮಗ ಆ ಸಭೆಯಲ್ಲಿ ಕುಳಿತುಕೊಳ್ಳುವುದು ಎಲ್ಲಿಂದ ಬಂತು? ಇದು ಶಾಸ್ತ್ರಿಗಳ ತಪ್ಪಲ್ಲ, ಸಮಾಜದ ತಪ್ಪು. ಅವರು ಅರ್ಧ ದಾರಿ ನಡೆದು ತೋರಿಸಿದರು. ಉಳಿದರ್ಧ ನಮ್ಮದು.

ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ವಾರಕ್ಕೊಂದು ಸಂಜೆ ಒಂದು ಅಂಗಡಿಯ ಜಗಲಿ ಸಾಕು. ಓದು ಬಲ್ಲವರು ನೋಟೀಸನ್ನೂ ಪತ್ರಿಕೆಯನ್ನೂ ಗಟ್ಟಿಯಾಗಿ ಓದಲಿ. ಬಾರದವರು ಕೇಳಲಿ, ಪ್ರಶ್ನೆ ಮಾಡಲಿ. ಕೂಲಿಯ ಲೆಕ್ಕ, ಸುಂಕದ ಲೆಕ್ಕ ಎರಡೂ ಅಲ್ಲಿ ಬಿಚ್ಚಿಕೊಳ್ಳಲಿ. ತನಗೆ ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವನು ಶಿವನಿಯಲ್ಲಿ ಒಬ್ಬನೂ ಉಳಿಯದಿರಲಿ. ನಮ್ಮ ಜಿಲ್ಲೆಯ ಆ ಹಿರಿಯರಿಗೆ ನಾವು ಸಲ್ಲಿಸಬೇಕಾದ ಗೌರವ ಅದೇ.