ಗಾಯ ಮಾಗಿದ ಮೇಲೆ
(ಕುಂದಾಪುರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಂಚಿನ ಕಾರ್ಖಾನೆಯ ಯಂತ್ರಕ್ಕೆ ಕೈ ಸಿಕ್ಕಿದರೆ ಆಸ್ಪತ್ರೆಯವರು ಗಾಯ ಮಾಗಿಸಿ ಕಳುಹಿಸುತ್ತಾರೆ. ಆದರೆ ಅಂಗಿಯ ಗುಂಡಿ ಹಾಕಲು, ಗಂಜಿ ಉಣ್ಣಲು, ಮತ್ತೆ ಕೆಲಸಕ್ಕೆ ನಿಲ್ಲಲು ಆ ಕೈಗೆ ಕಲಿಸುವವರು ಯಾರು? ಅದಕ್ಕೆಂದೇ ಒಂದು ವಿದ್ಯೆಯಿದೆ, ಆಕ್ಯುಪೇಷನಲ್ ಥೆರಪಿ ಎನ್ನುತ್ತಾರೆ. ಮಣಿಪಾಲದಲ್ಲಿ ಅದರ ವಿಭಾಗವೇ ಇದೆ. ಬ್ರಹ್ಮಾವರದವರಿಗೆ ಹತ್ತಿರ, ಬೈಂದೂರಿನವರಿಗೆ 60 ಕಿಲೋಮೀಟರಿಗೂ ಹೆಚ್ಚು. ಹೋದ ದಿನ ಕೂಲಿಯಿಲ್ಲ, ಜೊತೆಗೆ ಹೋದವನಿಗೂ ಇಲ್ಲ.

ಕಿಸೆಯಲ್ಲಿರುವ ಫೋನು ಇಲ್ಲಿ ಉಪಯೋಗಕ್ಕೆ ಬರಬೇಕು. ಮೊದಲ ಪರೀಕ್ಷೆ ಎದುರಿನಲ್ಲೇ ಆಗಲಿ; ಆಮೇಲಿನ ಅಭ್ಯಾಸವನ್ನು ವೀಡಿಯೊ ಕರೆಯಲ್ಲಿ ನೋಡಿ ತಿದ್ದಬಹುದು. ಮಾಸ್ತರಿಕೆ ಮಾಡಿದವನು ನಾನು, ತಿದ್ದುವವರಿಲ್ಲದ ಪಾಠ ನಿಲ್ಲುವುದಿಲ್ಲ. ಬಚ್ಚಲಿನ ಮೆಟ್ಟಿಲು, ಒಲೆಯ ಎತ್ತರ ಆಸ್ಪತ್ರೆಯಲ್ಲಿ ಕಾಣುವುದಿಲ್ಲ, ಫೋನಿನಲ್ಲಿ ಕಾಣುತ್ತದೆ. ದುಬಾರಿ ಸಾಮಾನೇ ಬೇಕೆಂದಿಲ್ಲ. ಹಿಡಿತ ಕಡಿಮೆಯಾದವರಿಗೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಟ್ಟರೂ ಅನುಕೂಲ. ಕಣ್ಣು ಕಾಣದ ಅಂಗಡಿಯವರಿಗೆ ಕಂಪ್ಯೂಟರಿನ ಅಕ್ಷರವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ.

ಧರ್ಮಕ್ಕೆ ಕೇಳುವ ಮಾತಲ್ಲ ಇದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯವನ್ನು ಒಪ್ಪಿ, ಪುನರ್ವಸತಿಯ ಹೊಣೆಯನ್ನು ಸರಕಾರಕ್ಕೆ ಹೊರಿಸಿದೆ. ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಬಾಲವನ್ನೂ ಅಂಟಿಸಿದೆ. ಆ ಬಾಲ ಹಿಡಿದು ನಮ್ಮನ್ನು ಸಾಗಹಾಕಲು ಬಿಡಬಾರದು. ಮೂರೂ ತಾಲೂಕುಗಳ ಸರಕಾರಿ ಆಸ್ಪತ್ರೆಗಳಿಗೆ ವಾರಕ್ಕೊಂದು ದಿನ ಥೆರಪಿಯವರು ಬರಲಿ, ಉಳಿದ ದಿನ ಫೋನಿನಲ್ಲಿ ಸಿಗಲಿ ಎಂದು ಅರ್ಜಿ ಬರೆದಿದ್ದೇವೆ. ಬಾಗಿಲ ಬಳಿಯ ಮೇಜಿನ ಮೇಲಿದೆ, ಓದಿ ನೋಡಿ ಸಹಿ ಹಾಕಿ.