ಸಂಜೆ ಪಾಠಕ್ಕೂ ಒಬ್ಬ ಸರ್ವೇಯರ್ ಬೇಕು

(ಸಂಘದ ಸಂಸ್ಥಾಪನಾ ದಿನಾಚರಣೆಯಂದು ಮೀನಾ ಸಲ್ಮಾನ್‌ನಲ್ಲಿ ಮಾಡಿದ ಭಾಷಣ)



ಊಟಕ್ಕೆ ಮುಂಚೆ ವೈದ್ಯರ ಕೈಗೆ ಮೈಕು ಕೊಟ್ಟರೆ ಸಕ್ಕರೆ, ಉಪ್ಪು, ಎಣ್ಣೆಗಳ ಮೇಲೆ ಉಪದೇಶ ಬರುತ್ತದೆ ಎಂಬ ಭಯ ತಮಗೆಲ್ಲ ಇದ್ದೇ ಇದೆ. ಇಂದು ಆ ಭಯ ಬೇಡ. ಹೋಳಿಗೆಗೆ ತುಪ್ಪ ಎಷ್ಟು ಎಂಬುದು ತಮಗೂ ಬಡಿಸುವವರಿಗೂ ಬಿಟ್ಟದ್ದು. ನಾವು ಮಾತನಾಡಬೇಕೆಂದಿರುವುದು ಊರಿನ ಸರಕಾರಿ ಶಾಲೆಗಳಲ್ಲಿ ಗಂಟೆ ಹೊಡೆದ ಮೇಲೆ ನಡೆಯುವ ಸಂಜೆ ಪಾಠದ ಬಗ್ಗೆ.

ನಮ್ಮಲ್ಲಿ ಬಹಳ ಮಂದಿ ಸರಕಾರಿ ಶಾಲೆಯಲ್ಲಿ ಓದಿ ಬಂದವರು. ಕೈಗೆ ನಾಲ್ಕು ದಿನಾರು ಸೇರಿದಾಗ ಆ ಶಾಲೆಯ ನೆನಪಾಗುವುದು ಸಹಜ. ಮೊದಲು ಬೆಂಚು, ಗಡಿಯಾರ, ನೀರಿನ ಟ್ಯಾಂಕು ಕೊಟ್ಟೆವು. ಈಚೆಗೆ, ಹಿಂದುಳಿದ ಮಕ್ಕಳಿಗೆ ಸಂಜೆ ಎರಡು ಗಂಟೆ ಪಾಠ ಹೇಳಿಸಲು, ಊರಿನ ಓದಿದ ಹುಡುಗ ಹುಡುಗಿಯರಿಗೆ ಗೌರವಧನ ಕೊಡಲು ಹಣ ಕಳುಹಿಸುತ್ತಿದ್ದೇವೆ. ಸಂಘವೂ ಈ ವರ್ಷ ಅಂಥದೊಂದು ಕೆಲಸಕ್ಕೆ ಕೈಹಾಕಬೇಕೆಂಬ ಮಾತು ಕೇಳಿಬಂದಿದೆ. ಒಳ್ಳೆಯ ಮಾತು, ನಮ್ಮ ಸಂಪೂರ್ಣ ಬೆಂಬಲವಿದೆ. ಜೊತೆಗೆ ಒಂದು ಬಿನ್ನಹ: ಪಾಠ ಹೇಳುವವರನ್ನು ನೇಮಿಸುವ ದಿನವೇ, ಆ ಪಾಠದಿಂದ ಮಕ್ಕಳಿಗೆ ಏನು ಬಂತೆಂದು ನೋಡಿ ಹೇಳುವ ಹೊರಗಿನವರೊಬ್ಬರನ್ನೂ ಗೊತ್ತುಮಾಡಬೇಕು.

ಇದನ್ನು ಕೇಳಿದ ಕೂಡಲೇ ಕೆಲವರ ಮುಖ ಸಪ್ಪಗಾಗುತ್ತದೆ. "ಡಾಕ್ಟರೇ, ನಮ್ಮೂರಿನ ಮೇಷ್ಟರ ಮೇಲೆ ನಂಬಿಕೆ ಇಲ್ಲವೇ? ವರ್ಷವರ್ಷ ವರದಿ ಬರುತ್ತದೆ, ಫೋಟೋ ಬರುತ್ತದೆ" ಎನ್ನುತ್ತಾರೆ. ಫೋಟೋಗಳನ್ನು ನಾವೂ ನೋಡಿದ್ದೇವೆ. ಮಕ್ಕಳು ಸಾಲಾಗಿ ಕುಳಿತಿದ್ದಾರೆ, ಕೈಯಲ್ಲಿ ಹೊಸ ಪುಸ್ತಕವಿದೆ, ಮುಖದಲ್ಲಿ ನಗುವಿದೆ. ಆದರೆ ಮೂರನೆಯ ಸಾಲಿನಲ್ಲಿ ಕುಳಿತ ಐದನೇ ತರಗತಿಯ ಹುಡುಗಿಗೆ ಆ ಪುಸ್ತಕದ ಒಂದು ಪುಟ ಓದಲು ಬರುತ್ತದೆಯೇ? ಫೋಟೋ ಅದನ್ನು ಹೇಳುವುದಿಲ್ಲ. ಬಾರದಿದ್ದರೆ, ನಮ್ಮ ಹಣ ಹೋದದ್ದು ಸಣ್ಣ ನಷ್ಟ. ಆ ಮಗುವಿನ ಒಂದು ವರ್ಷ ಹೋಯಿತಲ್ಲ, ಅದು ಮರಳಿ ಬರುವುದಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಮ್ಮಲ್ಲಿದೆ. ಹಣ ಕೊಟ್ಟವರು, ಪಾಠ ಹೇಳಿದವರು ಇಬ್ಬರೂ ಹೆತ್ತವರೇ. ಇಬ್ಬರಲ್ಲೂ ಕಪಟವಿಲ್ಲ, ಆದರೂ ಇಬ್ಬರ ಕಣ್ಣಿಗೂ ಮಗು ಚೆಂದವಾಗಿಯೇ ಕಾಣುತ್ತದೆ.

ಇಲ್ಲಿ ಬಂದರಿನ ಕೆಲಸ ಬಲ್ಲವರು ಅನೇಕರಿದ್ದೀರಿ. ಮೀನಾ ಸಲ್ಮಾನ್ ಬಂದರು 1962ರಲ್ಲಿ ಆರಂಭವಾಯಿತು. 2009ರಲ್ಲಿ ಹಿದ್ದ್‌ನ ಖಲೀಫಾ ಬಿನ್ ಸಲ್ಮಾನ್ ಬಂದರು ತೆರೆದು ಸರಕಿನ ವಹಿವಾಟು ಅಲ್ಲಿಗೆ ಹೋಗುವವರೆಗೆ ಈ ದ್ವೀಪದ ಉಣಿಸು ತಿನಿಸೆಲ್ಲ ಬಹುಪಾಲು ಈ ದಕ್ಕೆಯಲ್ಲೇ ಇಳಿಯುತ್ತಿತ್ತು. ಚೀಲದಲ್ಲಿ ತುಂಬದೆ ರಾಶಿಯಾಗಿ ಬರುವ ಸರಕನ್ನು ತೂಗುವುದು ಹೇಗೆಂದು ಅವರನ್ನು ಕೇಳಿ. ಹಡಗಿನವರ ಮಾತನ್ನೂ ನಂಬುವುದಿಲ್ಲ, ಸರಕು ಕೊಂಡವರ ಮಾತನ್ನೂ ನಂಬುವುದಿಲ್ಲ. ಇಬ್ಬರಿಗೂ ಸೇರದ ಸರ್ವೇಯರ್ ಬರುತ್ತಾರೆ. ಹಡಗಿನ ಮುಂದೆ, ನಡುವೆ, ಹಿಂದೆ, ಎರಡೂ ಮಗ್ಗುಲಲ್ಲಿ ಬರೆದಿರುವ ಗುರುತುಗಳನ್ನು ನೋಡಿ, ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ಬರೆದುಕೊಳ್ಳುತ್ತಾರೆ. ಸರಕು ಇಳಿಸುವ ಮುಂಚೆ ಒಮ್ಮೆ, ಇಳಿಸಿದ ಮೇಲೆ ಒಮ್ಮೆ. ಸಮುದ್ರದ ನೀರಿನ ಸಾಂದ್ರತೆಯನ್ನೂ ಅಳೆಯುತ್ತಾರೆ. ಹಡಗಿನಲ್ಲಿರುವ ಎಣ್ಣೆ, ಕುಡಿಯುವ ನೀರು ಇವುಗಳ ಭಾರ ಕಳೆಯುತ್ತಾರೆ. ಉಳಿದದ್ದೇ ಸರಕು. ಇದರಿಂದ ಕ್ಯಾಪ್ಟನ್‌ಗೆ ಅವಮಾನವಾಯಿತೆಂದು ಯಾರೂ ಹೇಳುವುದಿಲ್ಲ. ಗೋಧಿಗೆ ತೋರಿಸುವ ಈ ಎಚ್ಚರಿಕೆಯನ್ನು ಮಕ್ಕಳ ವಿದ್ಯೆಗೆ ತೋರಿಸಬಾರದೇ?

ವೈದ್ಯಕೀಯದಲ್ಲೂ ಇದೇ ನೀತಿ. ಎಂ.ಬಿ.ಬಿ.ಎಸ್. ಮುಗಿಸಿ ರೆಸಿಡೆನ್ಸಿಗೆ ಸೇರಿದಾಗ ನಮಗೆ ಹಿರಿಯರು ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು: ಔಷಧಿ ಕೊಟ್ಟವರೇ ಅದರ ಗುಣವನ್ನು ತೀರ್ಮಾನಿಸಬಾರದು. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಲಿ ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಕೊಟ್ಟು ನೋಡಿದ ಪರೀಕ್ಷೆಯ ಫಲ ಪ್ರಕಟವಾಯಿತು. 55 ರೋಗಿಗಳಿಗೆ ಔಷಧಿ ಮತ್ತು ವಿಶ್ರಾಂತಿ, 52 ರೋಗಿಗಳಿಗೆ ಬರೀ ವಿಶ್ರಾಂತಿ. ಎಕ್ಸ್‌ರೇ ಓದಿದವರಿಗೆ ಯಾವ ಫಿಲ್ಮು ಯಾವ ಗುಂಪಿನದೆಂದು ತಿಳಿಸಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡಿದ್ದರು. ಗಮನಿಸಿ, ಬರೀ ವಿಶ್ರಾಂತಿಯಲ್ಲಿದ್ದವರಲ್ಲೂ ಕೆಲವರು ಚೆನ್ನಾಗಿ ಸುಧಾರಿಸಿದ್ದರು. ಎರಡನೆಯ ಗುಂಪೇ ಇಲ್ಲದಿದ್ದರೆ ಆ ಸುಧಾರಣೆಯನ್ನೂ ಔಷಧಿಯ ಲೆಕ್ಕಕ್ಕೇ ಬರೆಯುತ್ತಿದ್ದರು. ಮಕ್ಕಳೂ ಹಾಗೆಯೇ. ಸಂಜೆ ಪಾಠವಿಲ್ಲದಿದ್ದರೂ ವರ್ಷದಲ್ಲಿ ಒಂದಿಷ್ಟು ಕಲಿಯುತ್ತಾರೆ. ಅದನ್ನು ಕಳೆದ ಮೇಲೆ ಉಳಿದದ್ದು ಮಾತ್ರ ಸಂಜೆ ಪಾಠದ ಫಲ.

ನಮ್ಮ ದೇಶದಲ್ಲಿಯೇ ಇಂಥ ಕೆಲಸ ನಡೆದಿದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ 2005-06ರಲ್ಲಿ 'ಪ್ರಥಮ್' ಸಂಸ್ಥೆಯವರು ಊರಿನ ಸ್ವಯಂಸೇವಕರಿಂದ ಶಾಲೆಯ ಹೊತ್ತಿನ ಹೊರಗೆ ಓದು ಕಲಿಸುವ ತರಗತಿ ನಡೆಸಿದರು. ಅದನ್ನು ಅಳೆಯಲು ಅವರೇ ಹೊರಗಿನ ಅರ್ಥಶಾಸ್ತ್ರಜ್ಞರನ್ನು ಜೊತೆಗೆ ಸೇರಿಸಿಕೊಂಡರು. ಅವರಲ್ಲಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು. ಕಂಡದ್ದೇನು? ತರಗತಿಗೆ ಬಂದ ಮಕ್ಕಳು ಚೆನ್ನಾಗಿ ಕಲಿತರು. ಒಂದಕ್ಷರವೂ ಬಾರದಿದ್ದವರು ಅಕ್ಷರ ಗುರುತಿಸತೊಡಗಿದರು. ಆದರೆ ಅಂಥ ಏನೂ ಬಾರದ ಮಕ್ಕಳಲ್ಲಿ ತರಗತಿಗೆ ಬಂದವರು ನೂರಕ್ಕೆ ಸುಮಾರು 13 ಮಾತ್ರ. ಔಷಧಿ ಒಳ್ಳೆಯದೇ, ರೋಗಿಗಳು ಆಸ್ಪತ್ರೆಗೆ ಬರಲಿಲ್ಲ! ಬಂದವರನ್ನು ಮಾತ್ರ ನೋಡುತ್ತಿದ್ದ ಮೇಷ್ಟರಿಗೆ ಇದು ಕಾಣುವುದು ಕಷ್ಟ. ಮನೆಮನೆಗೆ ಹೋಗಿ ಎಣಿಸಿದ ಹೊರಗಿನವರಿಗೆ ಕಂಡಿತು.

ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಮತ್ತು ರಾಜ್ಯ ಸರಕಾರ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ಆರಂಭಿಸಿದವು. ಸರಕಾರಿ ಶಾಲೆಗಳು ತಾವಾಗಿಯೇ ಮುಂದೆ ಬಂದು ಹೊರಗಿನವರ ಪರೀಕ್ಷೆಗೆ ಒಪ್ಪಿಕೊಂಡವು. ಬಲವಂತವಿಲ್ಲದೆ ಒಪ್ಪಿದ ಆ ಮೇಷ್ಟರುಗಳ ಧೈರ್ಯ ದೊಡ್ಡದು. ನಾವಿರುವ ಬಹರೈನ್‌ನಲ್ಲಿಯೂ 2008ರಲ್ಲಿ ಶಿಕ್ಷಣದ ಗುಣಮಟ್ಟ ನೋಡಲೆಂದೇ ಪ್ರತ್ಯೇಕ ಪ್ರಾಧಿಕಾರ ಸ್ಥಾಪನೆಯಾಯಿತು. ಅದರ ತಂಡ ಸರಕಾರಿ ಶಾಲೆಗಳಿಗೆ ಹೋಗಿ, ಪಾಠ ನೋಡಿ, ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಟ್ಟು, ವರದಿಯನ್ನು ಎಲ್ಲರ ಮುಂದಿಡುತ್ತದೆ.

ಹೊರಗಿನವರನ್ನು ಕರೆದರೆ ಮುಗಿಯಿತೇ? ಇಲ್ಲ. ಅಮೆರಿಕದ ಕಥೆ ಕೇಳಿ. ಅಲ್ಲಿ ಸರಕಾರಿ ಶಾಲೆಗಳ ಸಂಜೆ ಕೇಂದ್ರಗಳಿಗೆ ಕೇಂದ್ರ ಸರಕಾರ 1998ರಲ್ಲಿ 4 ಕೋಟಿ ಡಾಲರ್ ಕೊಟ್ಟಿತ್ತು. 2002ರ ಹೊತ್ತಿಗೆ ಅದು 100 ಕೋಟಿ ಡಾಲರ್ ಆಯಿತು. ಅಳೆಯುವ ಕೆಲಸವನ್ನು ಮ್ಯಾಥಮ್ಯಾಟಿಕಾ ಎಂಬ ಹೊರಗಿನ ಸಂಸ್ಥೆಗೆ ವಹಿಸಿದರು. 2003ರ ಮೊದಲ ವರದಿ, ಓದಿನಲ್ಲಿ ಹೆಚ್ಚಿನ ಪ್ರಗತಿ ಕಾಣಲಿಲ್ಲ ಎಂದಿತು. ಕೂಡಲೇ ಅಧ್ಯಕ್ಷ ಬುಷ್ ಅವರ ಸರಕಾರ ಅನುದಾನವನ್ನು 60 ಕೋಟಿಗೆ ಇಳಿಸಲು ಹೊರಟಿತು. ಭಾರಿ ಗಲಾಟೆಯಾಯಿತು. ಮಕ್ಕಳ ಹಾಜರಿಯೇ ಕಡಿಮೆ, ಬಹಳ ಕಡೆ ನಡೆಯುತ್ತಿದ್ದುದು ಹೋಂವರ್ಕ್ ಮಾಡಿಸುವುದು ಮಾತ್ರ, ತಂದೆತಾಯಿ ಕೆಲಸದಿಂದ ಬರುವವರೆಗೆ ಮಕ್ಕಳು ಕ್ಷೇಮವಾಗಿರುವುದೂ ಒಂದು ಲಾಭವಲ್ಲವೇ ಎಂಬ ವಾದಗಳು ಎದ್ದವು. ಮುಂದಿನ ವರದಿಯಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಆ ಹೊತ್ತು ಹೆಚ್ಚು ಸುರಕ್ಷಿತವೆನಿಸಿತು ಎಂದು ಕಂಡುಬಂತು. ಅನುದಾನ ಉಳಿಯಿತು.

ಅಲ್ಲಿ ಅಳೆದವರದು ತಪ್ಪೆಂದು ನಾವು ಹೇಳುವುದಿಲ್ಲ. ಕೇಂದ್ರ ತೆರೆದದ್ದು ಯಾತಕ್ಕೆ, ಫಲ ಕಡಿಮೆ ಬಂದರೆ ಮುಂದೇನು ಎಂಬುದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿರಲಿಲ್ಲ. ಜ್ವರ ನೋಡಿದ ಮೇಲೆ ಥರ್ಮಾಮೀಟರ್ ಜೊತೆ ಜಗಳವಾಡಿ ಫಲವಿಲ್ಲ. ಜ್ವರ ಬಂದರೆ ಮಗುವನ್ನು ಮನೆಯಿಂದ ಹೊರಹಾಕುವುದೂ ಇಲ್ಲ, ಔಷಧಿ ಬದಲಿಸುತ್ತೇವೆ.

ಆದ್ದರಿಂದ ಸಂಘದ ಮುಂದೆ ನಾವಿಡುವ ಸಲಹೆಗಳು ಇಷ್ಟು.

ಮೊದಲನೆಯದು, ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದಿಡೋಣ. 'ಮಕ್ಕಳ ಉದ್ಧಾರ' ಎಂದು ಬರೆದರೆ ಅಳೆಯಲಾಗದು. 'ಐದನೇ ತರಗತಿಯ ಪ್ರತಿ ಮಗುವೂ ಎರಡನೇ ತರಗತಿಯ ಕಥೆಯನ್ನು ತಡವರಿಸದೆ ಓದಬೇಕು' ಎಂದು ಬರೆದರೆ ಅಳೆಯಬಹುದು. 2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಎಂದು ಒಂದೊಂದೇ ಮೆಟ್ಟಿಲಾಗಿ ಓದಿಸಿ ನೋಡುತ್ತಾರೆ. ಕನ್ನಡದಲ್ಲೂ ಅದು ಸಿದ್ಧವಿದೆ. ಒಂದು ಮಗುವಿಗೆ ಕೆಲವೇ ನಿಮಿಷ ಸಾಕು.

ಎರಡನೆಯದು, ಪಾಠ ಶುರುವಾಗುವ ಮುಂಚೆಯೇ ಒಮ್ಮೆ ಅಳೆಯಬೇಕು. ಸರಕು ಇಳಿದ ಮೇಲೆ ಸರ್ವೇಯರ್ ಬಂದರೆ ಏನು ನೋಡಿಯಾರು?

ಮೂರನೆಯದು, ಸಂಜೆ ಪಾಠವಿಲ್ಲದ ಪಕ್ಕದ ಊರಿನ ಅಂಥದೇ ಶಾಲೆಯ ಮಕ್ಕಳನ್ನೂ ಅಳೆಯಬೇಕು. ಹೋಲಿಕೆಗಾಗಿ ಅವರನ್ನು ಬಳಸಿ ಕೈಬಿಡುವುದು ಸರಿಯಲ್ಲ. ಮರುವರ್ಷ ಅವರಿಗೂ ಪಾಠ ಸಿಗಲಿ.

ನಾಲ್ಕನೆಯದು, ಅಳೆಯುವವರು ನಮ್ಮ ನೆಂಟರೂ ಅಲ್ಲ, ಮುಖ್ಯೋಪಾಧ್ಯಾಯರ ನೆಂಟರೂ ಅಲ್ಲ ಎಂಬುದು ಖಾತ್ರಿಯಾಗಬೇಕು. ಬೇರೆ ತಾಲ್ಲೂಕಿನ ಬಿ.ಎಡ್. ಕಾಲೇಜಿನ ಅಧ್ಯಾಪಕರನ್ನೋ, ಜಿಲ್ಲೆಯ ಡಯಟ್ ಸಂಸ್ಥೆಯಲ್ಲಿ ಅನುಭವವಿರುವವರನ್ನೋ ಕೇಳಬಹುದು. ನೂರು ರೂಪಾಯಿಯಲ್ಲಿ ಹತ್ತನ್ನು ಇದಕ್ಕೆ ಎತ್ತಿಡೋಣ. ಉಳಿದ ತೊಂಬತ್ತು ಎಲ್ಲಿ ಹೋಯಿತೆಂದು ತಿಳಿಯಲು ಅದು ದುಬಾರಿಯಲ್ಲ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಶಾಲೆಯ ಮುಖ್ಯೋಪಾಧ್ಯಾಯರೊಡನೆ, ಎಸ್.ಡಿ.ಎಂ.ಸಿ. ಸದಸ್ಯರೊಡನೆ, ಪಾಠ ಹೇಳುವ ಯುವಕ ಯುವತಿಯರೊಡನೆ ಮೊದಲೇ ಕುಳಿತು ಮಾತನಾಡಬೇಕು. ವರದಿ ನಮಗಿಂತ ಮುಂಚೆ ಅವರ ಕೈ ಸೇರಲಿ. ಯಾವ ಮಗುವಿನ ಹೆಸರೂ ಅದರಲ್ಲಿ ಬೇಡ. ಫಲ ಕಡಿಮೆ ಬಂದರೆ ಹಣ ನಿಲ್ಲಿಸುವುದಿಲ್ಲ, ಪಾಠದ ವಿಧಾನ ಬದಲಿಸುತ್ತೇವೆ ಎಂದು ಸಂಘ ಲಿಖಿತವಾಗಿ ಮಾತು ಕೊಡಲಿ. ಈ ಮಾತಿಲ್ಲದಿದ್ದರೆ ಯಾರೂ ನಿಜ ಹೇಳುವುದಿಲ್ಲ. ನೌಕರಿ ಹೋಗುತ್ತದೆಂಬ ಹೆದರಿಕೆಯಲ್ಲಿರುವ ರೋಗಿ ಎದೆನೋವನ್ನು ಮುಚ್ಚಿಡುವುದನ್ನು ನಾವು ವೈದ್ಯರು ಇಲ್ಲಿ ಎಷ್ಟೋ ಸಲ ಕಂಡಿದ್ದೇವೆ.

ಇನ್ನೊಂದು ಮಾತು. ಊರಿನ ಮೇಷ್ಟರಿಗೆ ಹಿಡಿಯುವ ಅಳತೆಕೋಲನ್ನು ನಮ್ಮ ಮೇಲೂ ಹಿಡಿದುಕೊಳ್ಳಬೇಕು. ವಾರದ ರಜೆಯ ದಿನ ನಮ್ಮ ಮಕ್ಕಳಿಗೂ ಕನ್ನಡ ಪಾಠ ನಡೆಯುತ್ತದೆ. ವಾರ್ಷಿಕೋತ್ಸವದಲ್ಲಿ ಅವರು ಬಾಯಿಪಾಠ ಮಾಡಿದ ಪದ್ಯ ಹೇಳಿದಾಗ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆದರೆ ಊರಿನಿಂದ ಅಜ್ಜಿ ಬರೆದ ಕಾಗದವನ್ನು ಅವರ ಕೈಗೆ ಕೊಟ್ಟರೆ ಓದುತ್ತಾರೆಯೇ? ಅದನ್ನೂ ಹೊರಗಿನವರೊಬ್ಬರು ಬಂದು ನೋಡಲಿ. ನಾವೇ ಮೊದಲು ಪರೀಕ್ಷೆಗೆ ಕುಳಿತೆವೆಂದು ಗೊತ್ತಾದರೆ ಊರಿನವರಿಗೂ ಸಂಕೋಚ ಹೋಗುತ್ತದೆ.

ಕಾರ್ಯಕಾರಿ ಸಮಿತಿಯವರು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. 

ಜೈ ಕರ್ನಾಟಕ.