ಯಾವುದನ್ನು ಮೊದಲು ಓದಬೇಕು?

ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ ಏಳು ಪುಸ್ತಕಗಳ ಒಂದು ಕಟ್ಟು ಬಂದಿತು. ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಬರೆದ ಅದ್ಭುತ ಕಥೆಗಳು, ಬರೆದವರು ಸಿ. ಎಸ್. ಲೂಯಿಸ್. ಪ್ರಕಾಶಕರು ಪುಸ್ತಕಗಳ ಬೆನ್ನಿನ ಮೇಲೆ ಒಂದರಿಂದ ಏಳರವರೆಗೆ ಅಂಕಿಗಳನ್ನು ಅಚ್ಚುಮಾಡಿದ್ದರು. ಯಾವುದರಿಂದ ಆರಂಭಿಸಲಿ ಎಂದು ಹತ್ತು ವರ್ಷದ ಮೊಮ್ಮಗ ಕೇಳಿದಾಗ ನಾನು ತಲೆಯೆತ್ತಿಯೂ ನೋಡದೆ, "ಅಂಕಿ ಹಾಕಿರುವುದು ಏತಕ್ಕಪ್ಪಾ? ಒಂದರಿಂದ ಓದು" ಎಂದುಬಿಟ್ಟೆ. ಬಾಳೆಲ್ಲ ಸಾಹಿತ್ಯವನ್ನು ಪಾಠ ಹೇಳಿದವನು ಕೊಡಬಾರದಾಗಿದ್ದ ಉತ್ತರ ಅದು. ಏಕೆ ಕೊಡಬಾರದಾಗಿತ್ತು ಎಂಬುದನ್ನು ಈ ಹೊತ್ತು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ಲೂಯಿಸ್ 1898ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಹುಟ್ಟಿದವರು. ಆಕ್ಸ್‌ಫರ್ಡಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, 1954ರಲ್ಲಿ ಕೇಂಬ್ರಿಜ್‌ನಲ್ಲಿ ಮಧ್ಯಯುಗದ ಹಾಗೂ ಪುನರುಜ್ಜೀವನ ಕಾಲದ ಸಾಹಿತ್ಯದ ಪ್ರಾಧ್ಯಾಪಕರಾದರು, 1963ರಲ್ಲಿ ತೀರಿಕೊಂಡರು. ನಾರ್ನಿಯ ಎಂಬ ಕಲ್ಪಿತ ನಾಡನ್ನು ಕುರಿತ ಅವರ ಏಳು ಕಥೆಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಪ್ರಕಟವಾದವು. ಮೊದಲು ಬಂದದ್ದು 'ದಿ ಲಯನ್, ದಿ ವಿಚ್ ಅಂಡ್ ದಿ ವಾರ್ಡ್‌ರೋಬ್'. ಸಿಂಹ, ಮಾಟಗಾತಿ ಮತ್ತು ಬಟ್ಟೆಯ ಬೀರುವಿನ ಕಥೆ. ಬಳಿಕ 'ಪ್ರಿನ್ಸ್ ಕ್ಯಾಸ್ಪಿಯನ್', 'ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್', 'ದಿ ಸಿಲ್ವರ್ ಚೇರ್', 'ದಿ ಹಾರ್ಸ್ ಅಂಡ್ ಹಿಸ್ ಬಾಯ್', 'ದಿ ಮೆಜಿಷಿಯನ್ಸ್ ನೆಫ್ಯೂ'; ಕಡೆಗೆ 'ದಿ ಲಾಸ್ಟ್ ಬ್ಯಾಟಲ್'.

ಇವುಗಳಲ್ಲಿ ಆರನೆಯದಾಗಿ 1955ರಲ್ಲಿ ಬಂದ 'ದಿ ಮೆಜಿಷಿಯನ್ಸ್ ನೆಫ್ಯೂ', ಎಂದರೆ ಮಾಂತ್ರಿಕನ ಸೋದರಳಿಯನ ಕಥೆ, ನಾರ್ನಿಯದ ಸೃಷ್ಟಿಯನ್ನೇ ವರ್ಣಿಸುತ್ತದೆ. ಕಾಲದ ಲೆಕ್ಕದಲ್ಲಿ ಅದೇ ಎಲ್ಲಕ್ಕೂ ಮೊದಲು. ಐದನೆಯದಾಗಿ ಬಂದ ಕುದುರೆಯ ಕಥೆಯ ಸಂಗತಿಗಳೋ, ಮೊದಲನೆಯ ಪುಸ್ತಕದ ಕೊನೆಯ ಅಧ್ಯಾಯದ ಕಾಲದಲ್ಲಿಯೇ ನಡೆದವು. ಹೀಗಾಗಿ 1994ರಲ್ಲಿ ಈ ಮಾಲೆಯನ್ನು ಕೈಗೆತ್ತಿಕೊಂಡ ಹಾರ್ಪರ್‌ಕಾಲಿನ್ಸ್ ಪ್ರಕಾಶಕರು ಮಾಂತ್ರಿಕನ ಕಥೆಗೆ ಒಂದು, ಸಿಂಹದ ಕಥೆಗೆ ಎರಡು, ಕುದುರೆಯ ಕಥೆಗೆ ಮೂರು ಎಂದು ಹೊಸ ಅಂಕಿಗಳನ್ನು ಹಾಕಿದರು. ನಮ್ಮ ಮನೆಗೆ ಬಂದದ್ದು ಆ ಬಗೆಯ ಕಟ್ಟು. ನಿದಾನವಾಗಿ ನೋಡಿದರೆ, ಏಳರಲ್ಲಿ ಐದು ಪುಸ್ತಕಗಳ ಹಿಂದುಮುಂದು ಎರಡು ಕ್ರಮಗಳಲ್ಲಿಯೂ ಒಂದೇ. ವಿವಾದವಿರುವುದು ಎರಡನ್ನು ಕುರಿತು ಮಾತ್ರ. ಆದರೆ ಆ ಎರಡರಲ್ಲಿ ಒಂದು ಹೆಬ್ಬಾಗಿಲಿನಲ್ಲಿ ನಿಂತುಬಿಟ್ಟಿದೆ.

ಮೊದಲು ಪ್ರಕಟವಾದ ಕಥೆಯನ್ನು ನೆನೆಯೋಣ. ಯುದ್ಧಕಾಲದಲ್ಲಿ ಲಂಡನ್ನಿನಿಂದ ಹಳ್ಳಿಗಾಡಿನ ಒಂದು ದೊಡ್ಡ ಮನೆಗೆ ಕಳುಹಿಸಲ್ಪಟ್ಟ ನಾಲ್ವರು ಮಕ್ಕಳು. ಕಿರಿಯವಳಾದ ಲೂಸಿ ಮನೆಯನ್ನು ಸುತ್ತಿ ನೋಡುತ್ತ ಬಟ್ಟೆಯ ಬೀರುವಿನೊಳಗೆ ಕಾಲಿಡುತ್ತಾಳೆ. ತುಪ್ಪಳದ ಕೋಟುಗಳನ್ನು ಸರಿಸಿ ಸರಿಸಿ ಮುಂದೆ ಹೋದರೆ ಬೀರುವಿನ ಹಿಂಬದಿ ಕೈಗೆ ಸಿಕ್ಕುವುದೇ ಇಲ್ಲ. ಕಾಲ ಕೆಳಗೆ ಹಿಮ. ಇರುಳು, ಕಾಡು, ಕಾಡಿನ ನಡುವೆ ಒಂದು ಬೀದಿದೀಪದ ಕಂಬ! ಬೀದಿಯೇ ಇಲ್ಲದ ಕಡೆ ಬೀದಿದೀಪವನ್ನು ಯಾರು ನೆಟ್ಟರು? ಲೂಸಿಗೆ ತಿಳಿಯದು, ನಮಗೂ ತಿಳಿಯದು. ಆ ತಿಳಿಯದಿರುವಿಕೆಯೇ ಆ ಕಾಡಿನ ಸೊಗಸು.

ಉತ್ತರ ಐದು ವರ್ಷಗಳ ನಂತರದ ಪುಸ್ತಕದಲ್ಲಿದೆ. ಲಂಡನ್ನಿನ ದೀಪದ ಕಂಬದಿಂದ ಮುರಿದ ಕಬ್ಬಿಣದ ತುಂಡೊಂದು, ಆಗತಾನೆ ಸೃಷ್ಟಿಯಾಗುತ್ತಿದ್ದ ನೆಲದ ಮೇಲೆ ಬೀಳುತ್ತದೆ. ಏನು ಬಿದ್ದರೂ ಚಿಗುರುವಷ್ಟು ಕಸುವಿನ ಹಸಿ ಮಣ್ಣು ಅದು. ಕಬ್ಬಿಣವೂ ಬೇರು ಬಿಟ್ಟು ದೀಪವಾಗಿ ಬೆಳೆಯುತ್ತದೆ. ಬೆರಗನ್ನು ಉಂಡವನಿಗೆ ಈ ವಿವರಣೆ ಎರಡನೆಯ ಬೆರಗು. ವಿವರಣೆಯನ್ನೇ ಮೊದಲು ಉಂಡವನಿಗೆ? ನನ್ನ ಮೊಮ್ಮಗ ಸಿಂಹದ ಕಥೆಯನ್ನು ಓದುತ್ತಿದ್ದಾಗ, ದೀಪದ ಕಂಬ ಬಂತೇನೋ ಎಂದು ಆಸೆಯಿಂದ ಕೇಳಿದೆ. "ಬಂತು ತಾತ. ಅದು ಹೇಗೆ ಬೆಳೀತು ಅಂತ ಆಗಲೇ ಗೊತ್ತಲ್ಲ" ಎಂದು ಹಾಳೆ ತಿರುವಿದ. ಅವನದೇನೂ ತಪ್ಪಿಲ್ಲ. ಅವನಿಗೆ ಜೀವನದಲ್ಲಿ ಒಂದೇ ಸಲ ಸಿಗಬಹುದಾಗಿದ್ದ ಒಂದು ಗಳಿಗೆಯನ್ನು ನಾನು ಕಳೆದಿದ್ದೆ.

ಇನ್ನೊಂದು ನಿದರ್ಶನ. ಆಸ್ಲನ್ ಎಂಬ ಸಿಂಹದ ಹೆಸರನ್ನು ಮಕ್ಕಳು ಮೊದಲ ಬಾರಿ ಕೇಳಿದಾಗ ಒಬ್ಬೊಬ್ಬರ ಮೈಯಲ್ಲಿಯೂ ಒಂದೊಂದು ಬಗೆಯ ಪುಳಕ. ಅಲ್ಲಿ ಕಥೆಗಾರರು ಓದುಗನ ಕಡೆ ತಿರುಗಿ, ಆಸ್ಲನ್ ಯಾರೆಂಬುದು ನಿನಗೆ ಹೇಗೆ ತಿಳಿಯದೋ ಹಾಗೆಯೇ ಅವರಿಗೂ ತಿಳಿಯದು ಎಂಬ ಅರ್ಥದ ಮಾತನ್ನಾಡುತ್ತಾರೆ. ಸೃಷ್ಟಿಯ ಕಥೆಯನ್ನು ಮೊದಲೇ ಓದಿದ ಮಗು ಆ ಸಿಂಹ ಹಾಡುತ್ತ ಹಾಡುತ್ತ ಲೋಕವನ್ನು ನಿರ್ಮಿಸಿದ್ದನ್ನು ಕಂಡಿರುತ್ತದೆ. ಆಗ ಕಥೆಗಾರರ ಮಾತೇ ಸುಳ್ಳಾಗುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಆ ಮನೆಯ ಒಡೆಯನಾದ ಮುದುಕ ಪ್ರಾಧ್ಯಾಪಕನ ಪ್ರಸಂಗ. ಲೂಸಿಯ ಮಾತನ್ನು ಒಡಹುಟ್ಟಿದವರು ನಂಬುವುದಿಲ್ಲ; ಇವಳಿಗೆ ಬುದ್ಧಿ ಕೆಟ್ಟಿತೇ ಎಂದು ಹೆದರಿ ದೊಡ್ಡವರಿಬ್ಬರು ಅವನಲ್ಲಿಗೆ ಹೋಗುತ್ತಾರೆ. ಅವನು ನಗುವುದಿಲ್ಲ. ಹುಡುಗಿ ಸುಳ್ಳು ಹೇಳುವವಳಲ್ಲ, ಹುಚ್ಚಿಯೂ ಅಲ್ಲ. ಆದ್ದರಿಂದ ಸದ್ಯಕ್ಕೆ ಅವಳ ಮಾತು ನಿಜವೆಂದೇ ಹಿಡಿಯಬೇಕು ಎಂದು ತರ್ಕಬದ್ಧವಾಗಿ ತೋರಿಸಿಕೊಡುತ್ತಾನೆ. ಎಂಥ ವಿಚಿತ್ರ ಮನುಷ್ಯ ಎಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆರನೆಯ ಪುಸ್ತಕಕ್ಕೆ ಬಂದಾಗ ತಿಳಿಯುತ್ತದೆ: ಮಾಂತ್ರಿಕನ ಸೋದರಳಿಯನಾದ ಡಿಗರಿ ಎಂಬ ಹುಡುಗನೇ ಆ ಮುದುಕ. ರೋಗದಿಂದ ಹಾಸಿಗೆ ಹಿಡಿದ ತಾಯಿಗಾಗಿ ನಾರ್ನಿಯದಿಂದ ಸೇಬಿನ ಹಣ್ಣೊಂದನ್ನು ತಂದವನು. ತಾಯಿ ಉಳಿದಳು. ಹಣ್ಣಿನ ತಿರುಳನ್ನು ಹಿತ್ತಲಲ್ಲಿ ಹೂಳಿದ, ಮರವಾಯಿತು, ಬಿರುಗಾಳಿಗೆ ಉರುಳಿತು, ಅದರ ಹಲಗೆಯಿಂದ ಬೀರು ಮಾಡಿಸಿದ. ಲೂಸಿ ಹೊಕ್ಕದ್ದು ಆ ಬೀರುವನ್ನೇ! ಲೂಯಿಸರು ಒಂಬತ್ತು ವರ್ಷದವರಾಗಿದ್ದಾಗ, 1908ರಲ್ಲಿ, ಅವರ ತಾಯಿ ತೀರಿಕೊಂಡಿದ್ದರು ಎಂಬುದನ್ನು ಬಲ್ಲವರಿಗೆ ಆ ಹಣ್ಣಿನ ಪ್ರಸಂಗವನ್ನು ಒಣಗಣ್ಣಿನಿಂದ ಓದಲಾಗದು. ಒಂದು ಮಗುವಿನ ಮಾತನ್ನು ಮುದುಕ ಏಕೆ ನಂಬಿದ ಎಂಬುದಕ್ಕೆ ಐದು ಪುಸ್ತಕಗಳ ಆಚೆ ಉತ್ತರ ದೊರೆಯುವುದು ಎಂಥ ಭಾಗ್ಯ! ಪ್ರಶ್ನೆ ಏಳುವುದಕ್ಕೆ ಮುಂಚೆಯೇ ಉತ್ತರ ಕೊಟ್ಟರೆ ಅದು ಉತ್ತರವಾಗಿ ಉಳಿಯುವುದಿಲ್ಲ, ಬರಿಯ ಮಾಹಿತಿಯಾಗುತ್ತದೆ.

ಇದಕ್ಕೆ ಪ್ರತಿಯಾದ ವಾದವೂ ಉಂಟು. 1957ರಲ್ಲಿ ಅಮೆರಿಕದ ಒಬ್ಬ ಹುಡುಗ ಲೂಯಿಸರಿಗೆ ಪತ್ರ ಬರೆದ. ಅವನ ತಾಯಿಯ ಮತ ಪ್ರಕಟಣೆಯ ಕ್ರಮ; ಅವನದು ಕಥೆಯ ಕಾಲಕ್ರಮ. ಲೂಯಿಸರು ತಮ್ಮ ಒಲವು ಹುಡುಗನ ಕಡೆಗೇ ಎಂದು ಉತ್ತರಿಸಿದರು. ಆದರೆ ಅದೇ ಪತ್ರದಲ್ಲಿ, ಇದೆಲ್ಲ ಮೊದಲೇ ಯೋಜಿಸಿದ್ದಲ್ಲ, ಮೊದಲನೆಯದನ್ನು ಬರೆದಾಗ ಎರಡನೆಯದು ಬರುವುದೆಂದೇ ಗೊತ್ತಿರಲಿಲ್ಲ, ಯಾರು ಯಾವ ಕ್ರಮದಲ್ಲಿ ಓದಿದರೂ ಅಂಥ ವ್ಯತ್ಯಾಸವೇನೂ ಆಗಲಾರದು ಎಂದೂ ಹೇಳಿದರು. ಇದನ್ನು ನಾನು ತೀರ್ಪೆಂದು ಎಣಿಸಲಾರೆ. ಹುಡುಗನೊಬ್ಬನ ಮನಸ್ಸನ್ನು ನೋಯಿಸಲೊಲ್ಲದ ಹಿರಿಯರ ಸೌಜನ್ಯವೂ ಅದರಲ್ಲಿದೆ. ಅವರೇ ಮತ್ತೊಂದೆಡೆ ಹೇಳಿರುವಂತೆ, ಈ ಕಥೆ ಅವರಲ್ಲಿ ಮೊಳೆತದ್ದು ಒಂದು ಚಿತ್ರದಿಂದ: ಹಿಮದ ಕಾಡಿನಲ್ಲಿ ಕೊಡೆ ಹಿಡಿದು, ಕಂಕುಳಲ್ಲಿ ಗಂಟುಗಳನ್ನಿಟ್ಟುಕೊಂಡು ನಡೆಯುವ ಆಡುಗಾಲಿನ ವನದೇವತೆ. ಹದಿನಾರರ ಪ್ರಾಯದಿಂದ ಮನಸ್ಸಿನಲ್ಲಿದ್ದ ಆ ಚಿತ್ರವನ್ನು ಕಥೆ ಮಾಡಲು ಹೊರಟದ್ದು ನಲವತ್ತರ ಸುಮಾರಿಗೆ. ಲೂಸಿ ದೀಪದ ಕಂಬದ ಬಳಿ ಮೊದಲು ಕಾಣುವುದು ಈ ಪ್ರಾಣಿಯನ್ನೇ. ಕರ್ತೃವೇ ಯಾವ ಬಾಗಿಲಿನಿಂದ ಒಳಹೊಕ್ಕನೋ ಆ ಬಾಗಿಲು ಓದುಗನಿಗೆ ಬೇಡವೇ?

ನಮ್ಮ ಕಡೆಯಿಂದಲೂ ಒಂದು ಆಕ್ಷೇಪ ಏಳಬಹುದು. ರಾಮಾಯಣದ ಬಾಲಕಾಂಡದ ಬಹುಭಾಗ ಆಮೇಲೆ ಸೇರಿದ್ದೆಂದು ವಿದ್ವಾಂಸರು ಹೇಳುತ್ತಾರೆ; ಆದರೂ ನಾವು ಬಾಲಕಾಂಡದಿಂದಲೇ ಓದುವುದಿಲ್ಲವೇ? ನಿಜ. ಆದರೆ ರಾಮನ ಕಥೆಯನ್ನು ಅರಿಯದೆ ರಾಮಾಯಣವನ್ನು ಕೈಗೆತ್ತಿಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಅಜ್ಜಿಯ ಬಾಯಿಂದ, ಹರಿಕಥೆಯಿಂದ, ಬಯಲಾಟದಿಂದ ಅದನ್ನು ಆಗಲೇ ಬಲ್ಲೆವು. ನಮ್ಮ ಮೊದಲ ಓದೇ ಎರಡನೆಯ ಓದು. ಮಹಾಭಾರತವೋ, ಅರ್ಜುನನ ಮೊಮ್ಮಗನ ಮಗನಾದ ಜನಮೇಜಯನ ಸರ್ಪಯಾಗವನ್ನು ಮುಂದಿಟ್ಟುಕೊಂಡು ಅರ್ಜುನನ ಕಥೆಗೆ ಬರುತ್ತದೆ. ನಡೆದ ಕ್ರಮ ಬೇರೆ, ಹೇಳುವ ಕ್ರಮ ಬೇರೆ ಎಂಬ ವಿವೇಕ ನಮ್ಮ ಹಿರಿಯರಿಗೆ ಹೊಸದಲ್ಲ.

ಹೀಗೆ ಹೇಳುವಾಗ ನನ್ನ ತರಗತಿಗಳು ನೆನಪಾಗುತ್ತವೆ. ಲಭ್ಯವಿರುವ ಗ್ರಂಥಗಳಲ್ಲಿ ಮೊದಲನೆಯದೆಂಬ ಕಾರಣದಿಂದ, ಪ್ರತಿವರ್ಷವೂ 'ಕವಿರಾಜಮಾರ್ಗ'ದಿಂದ ಪಾಠ ಆರಂಭಿಸುತ್ತಿದ್ದೆ. ಕಾವ್ಯದ ರುಚಿಯನ್ನೇ ಕಾಣದ ಹುಡುಗರಿಗೆ ಕಾವ್ಯದ ಲಕ್ಷಣ! ಕುಮಾರವ್ಯಾಸನಿಂದಲೋ ವಚನಗಳಿಂದಲೋ ಹೊರಟಿದ್ದರೆ ಎಷ್ಟೋ ಮಂದಿ ತಾವಾಗಿಯೇ ಮಾರ್ಗಕಾರನನ್ನು ಹುಡುಕಿಕೊಂಡು ಬರುತ್ತಿದ್ದರೇನೋ. ಶತಮಾನಗಳ ಅಂಕಿಯನ್ನು ನಂಬಿ ನಾನು ಹುಡುಗರ ಮುಖವನ್ನು ನೋಡಲಿಲ್ಲ. ಮೊಮ್ಮಗನಿಗೆ ಹೇಳಿದ ಉತ್ತರ ಆ ಅಭ್ಯಾಸದ ಮುಂದುವರಿಕೆಯೇ.

ಆದುದರಿಂದ ನನ್ನ ಸಲಹೆ ಇಷ್ಟು: ಮೊದಲ ಓದಿಗೆ ಪ್ರಕಟಣೆಯ ಕ್ರಮ, ಎರಡನೆಯ ಓದಿಗೆ ಕಾಲಕ್ರಮ. ಕಾಲಕ್ರಮದಲ್ಲಿ ಓದಿದವನಿಗೂ ಅವನದೇ ಆದ ಒಂದು ಸುಖವಿದೆ. ಲೂಸಿಗೆ ತಿಳಿಯದ್ದು ತನಗೆ ತಿಳಿದಿದೆ ಎಂಬ ಹೆಮ್ಮೆ. ಆ ಸುಖ ಮುಂದೆಂದಾದರೂ ಸಿಗುತ್ತದೆ, ಕಾಯುತ್ತದೆ. ಮೊದಲ ಬೆರಗು ಕಾಯುವುದಿಲ್ಲ.

ಹೋದ ತಿಂಗಳು ಮೊಮ್ಮಗಳ ಸರದಿ ಬಂದಿತು. ಅವಳಿಗೆ ಒಂಬತ್ತು ವರ್ಷ. ಕಟ್ಟಿನಿಂದ ಎರಡು ಎಂದು ಅಂಕಿಯಿದ್ದ ಪುಸ್ತಕವನ್ನು ತೆಗೆದು ಕೊಟ್ಟೆ. "ಒಂದು ಎಲ್ಲಿ ತಾತ?" ಎಂದಳು. "ಇದೆಯಮ್ಮ, ಆರನೆಯದಾಗಿ ಕೊಡುತ್ತೇನೆ" ಎಂದೆ. ಅವಳು ಅಣ್ಣನ ಮುಖ ನೋಡಿದಳು. ಅವನು ಏನನ್ನೋ ಹೇಳಲು ಬಾಯಿ ತೆರೆದವನು, ನನ್ನನ್ನೊಮ್ಮೆ ನೋಡಿ ಸುಮ್ಮನಾದ. ರಾತ್ರಿ ಊಟಕ್ಕೆ ಕರೆದಾಗ ಅವಳು ಪುಸ್ತಕದಿಂದ ತಲೆಯೆತ್ತದೆಯೇ ಕೇಳಿದಳು: "ತಾತ, ಕಾಡಿನಲ್ಲಿ ದೀಪ ಯಾರು ಹಚ್ಚಿಟ್ಟರು?" ನಾನು ಉತ್ತರ ಹೇಳಲಿಲ್ಲ.